ಇತಿಹಾಸ ಓದದವರ ಇತಿಹಾಸ ಪಿಎಚ್.ಡಿ.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುತ್ತಿರುವವರು, ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವವರು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಪುಸ್ತಕ ಹಿಡಿದ ಗೃಹಿಣಿ. ಇತಿಹಾಸದಲ್ಲಿ ಪಿಎಚ್.ಡಿ. ಮಾಡಬೇಕು ಎಂದು ವಿಚಾರಿಸುತ್ತಾ ಬರುವವರಲ್ಲಿ ಇಂಥವರೂ ಇದ್ದಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ‘ನಾನು ಇತಿಹಾಸ ಓದಿದವನಲ್ಲ, ನನಗೆ ಸೀಟು ಕೊಡ್ತಾರಾ?’

ಈ ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಅರ್ಜಿ ಹಾಕಲು ನಿಯಮ ಬಿಡುತ್ತದೆಯೇ ಎಂಬುದು ಒಂದು. ಅರ್ಜಿ ಓದುವ ಪ್ರಾಧ್ಯಾಪಕರು ಒಪ್ಪುತ್ತಾರೆಯೇ ಎಂಬುದು ಎರಡನೆಯದು. ಪದವಿ ಕೈಗೆ ಬಂದ ಮೇಲೆ ಅದರಿಂದ ಜೀವನ ನಡೆಯುತ್ತದೆಯೇ ಎಂಬುದು ಮೂರನೆಯದು. ಮೂರಕ್ಕೂ ಒಂದೇ ಉತ್ತರ ಹುಡುಕಲು ಹೋದವರು ಒಂದೋ ವಿನಾಕಾರಣ ಹಿಂಜರಿಯುತ್ತಾರೆ, ಇಲ್ಲವೇ ವಿನಾಕಾರಣ ಹುಮ್ಮಸ್ಸಿನಲ್ಲಿ ಕೆಲಸ ಬಿಟ್ಟು ಕೂರುತ್ತಾರೆ. ಮೂರನ್ನೂ ಬಿಡಿಸಿ ನೋಡಿದರೆ, ಜನ ಹೆಚ್ಚು ಹೆದರುವ ಮೊದಲ ಅಡ್ಡಿಯೇ ಎಲ್ಲಕ್ಕಿಂತ ಸಣ್ಣದು ಎಂದು ತಿಳಿಯುತ್ತದೆ.

ಹೊರಗಿನವರ ಪರಂಪರೆ

ಕರ್ನಾಟಕದ ಇತಿಹಾಸ ಬರವಣಿಗೆಯ ಮೊದಲ ಪುಟಗಳನ್ನು ತಿರುವಿದರೆ ಅಲ್ಲಿ ಇತಿಹಾಸದ ಪದವೀಧರರು ಸಿಗುವುದಿಲ್ಲ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಎಂಜಿನಿಯರ್. ನೆಲ ಅಳೆಯುತ್ತಾ ಊರೂರಿನ ಕೈಫಿಯತ್ತು (ಸ್ಥಳೀಯ ವೃತ್ತಾಂತ), ಶಾಸನ, ವಂಶಾವಳಿಗಳನ್ನು ಕಲೆಹಾಕಿದ ಈತ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್ ಬಂದದ್ದು ಶಿಕ್ಷಣ ಇಲಾಖೆಯಿಂದ. 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದ ಆಲೂರು ವೆಂಕಟರಾಯರು ಓದಿದ್ದು ಕಾನೂನು. ಶಂ.ಬಾ. ಜೋಶಿ ಶಾಲಾ ಮೇಷ್ಟ್ರು. ಕನ್ನಡ ಶಾಸನಗಳಿಂದ ಸಮಾಜದ ಇತಿಹಾಸ ಹೊರತೆಗೆದ ಎಂ. ಚಿದಾನಂದಮೂರ್ತಿ, ಮೆಕೆಂಜಿಯ ಕನ್ನಡ ಕೈಫಿಯತ್ತುಗಳನ್ನು ಸಂಪಾದಿಸಿದ ಎಂ.ಎಂ. ಕಲಬುರ್ಗಿ ಇಬ್ಬರೂ ಕನ್ನಡ ವಿಭಾಗದವರು.

ಕರ್ನಾಟಕದ ಆಚೆಗೂ ಇದೇ ಕಥೆ. ಜದುನಾಥ ಸರ್ಕಾರರ ಎಂ.ಎ. ಇಂಗ್ಲಿಷ್ ಸಾಹಿತ್ಯದಲ್ಲಿ. ಡಿ.ಡಿ. ಕೋಸಂಬಿ ಗಣಿತಜ್ಞರು. ಐಎಎಸ್ ಅಧಿಕಾರಿಯಾಗಿದ್ದ ಐರಾವತಂ ಮಹಾದೇವನ್ ತಮಿಳು ಬ್ರಾಹ್ಮಿ ಶಾಸನಗಳ ಮೇಲೆ ಅಧಿಕಾರವಾಣಿಯಾದರು. ರೊಮಿಲಾ ಥಾಪರ್ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಲಂಡನ್ನಿಗೆ ಹೋಗಿ ಇತಿಹಾಸದಲ್ಲಿ ಮತ್ತೊಂದು ಪದವಿ ಪಡೆದು, 1958ರಲ್ಲಿ ಎ.ಎಲ್. ಬಾಷಮ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಮುಗಿಸಿದರು. ಅರ್ಥಶಾಸ್ತ್ರ ಓದಿದ ರಾಮಚಂದ್ರ ಗುಹಾ, ಉತ್ತರಾಖಂಡದ ಅರಣ್ಯ ಮತ್ತು ಚಿಪ್ಕೊ ಚಳವಳಿಯ ಇತಿಹಾಸದ ಮೇಲೆ ಸಂಶೋಧನೆ ಮಾಡಿದ್ದು ಕೋಲ್ಕತ್ತದ ಐಐಎಂನಲ್ಲಿ. ಅದು 1989ರಲ್ಲಿ ಪುಸ್ತಕವಾಗಿ ಬಂತು.

ಈ ಪಟ್ಟಿ ಹೇಳಿ ಅರ್ಜಿದಾರರಿಗೆ ಧೈರ್ಯ ತುಂಬುವುದು ರೂಢಿ. ಆದರೆ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೋಸಂಬಿ ಗಣಿತಜ್ಞರಾಗಿದ್ದೂ ಇತಿಹಾಸಕಾರರಾದರು ಎಂದು ನಾವು ಹೇಳುತ್ತೇವೆ. ಅವರು ಮಾಡಿದ ಕೆಲಸ ನೋಡಿದರೆ ಗಣಿತಜ್ಞರಾಗಿದ್ದುದರಿಂದಲೇ ಆದರು ಎನ್ನಬೇಕು. ಪ್ರಾಚೀನ ಮುದ್ರಾಂಕಿತ ಬೆಳ್ಳಿ ನಾಣ್ಯಗಳನ್ನು ಅವರು ಸಾವಿರಗಟ್ಟಲೆ ತೂಗಿದರು. ಕೈಯಿಂದ ಕೈಗೆ ಓಡಾಡಿದಷ್ಟೂ ನಾಣ್ಯ ಸವೆಯುತ್ತದೆ, ತೂಕ ಇಳಿಯುತ್ತದೆ. ಹಾಗಿದ್ದರೆ ಒಂದೇ ನಿಧಿಯಲ್ಲಿ ಸಿಕ್ಕ ನಾಣ್ಯಗಳ ತೂಕವನ್ನು ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಹಚ್ಚಿ, ಯಾವುದು ಹಳೆಯದು ಯಾವುದು ಹೊಸದು ಎಂದು ಸಾಲಾಗಿ ಜೋಡಿಸಬಹುದಲ್ಲ ಎಂಬುದು ಅವರ ಎಣಿಕೆ. ಇತಿಹಾಸ ವಿಭಾಗದಲ್ಲಿ ಬೆಳೆದವರಿಗೆ ಹೊಳೆಯದ ದಾರಿ ಅದು. ಆದರೆ ಆ ದಾರಿ ತುಳಿಯುತ್ತಾ ಅವರು ನಾಣ್ಯಶಾಸ್ತ್ರ ಕಲಿತರು, ಸಂಸ್ಕೃತದಲ್ಲಿ ಪಾಂಡಿತ್ಯ ಗಳಿಸಿದರು, ಪುಣೆಯ ಸುತ್ತಲಿನ ಗುಡ್ಡಗಾಡು ಅಲೆದರು. ಹೊರಗಿನಿಂದ ಬಂದು ಗೆದ್ದವರೆಲ್ಲ ತಮ್ಮ ಹಳೆಯ ವಿದ್ಯೆಯನ್ನು ತಂದರು, ಹೊಸ ವಿದ್ಯೆಯನ್ನು ಬುಡದಿಂದ ಕಲಿತರು. ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಂಡು ಅರ್ಜಿ ಹಾಕುವವರು ಸೋಲುತ್ತಾರೆ.

ನಿಯಮ ಏನು ಹೇಳುತ್ತದೆ

ಭಾರತದಲ್ಲಿ ಪಿಎಚ್.ಡಿ.ಗೆ ಈಗ ಚೌಕಟ್ಟು ಹಾಕಿಕೊಟ್ಟಿರುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಇರಬೇಕು. ಇಲ್ಲವೇ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ 5ರಷ್ಟು ಸಡಿಲಿಕೆ ಇದೆ. ಎಂ.ಫಿಲ್. ರದ್ದಾಗಿದೆ. ಪಿಎಚ್.ಡಿ. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು ವರ್ಷ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಎರಡು ವರ್ಷ ಸಿಗುತ್ತದೆ. ಸಂಸಾರ ತೂಗಿಸಿಕೊಂಡು ಓದಲು ಬರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. 240 ದಿನಗಳ ಹೆರಿಗೆ ಮತ್ತು ಶಿಶುಪಾಲನಾ ರಜೆಗೂ ಅವಕಾಶವಿದೆ.

ನೌಕರಿಯಲ್ಲಿರುವವರಿಗೆ ಈ ನಿಯಮಾವಳಿ ಮಾಡಿಕೊಟ್ಟ ದೊಡ್ಡ ಅನುಕೂಲ ಎಂದರೆ ಅರೆಕಾಲಿಕ ಪಿಎಚ್.ಡಿ. ಕೆಲಸ ಕೊಟ್ಟ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತಂದರೆ ಸಾಕು, ಅರ್ಹತೆಯ ಉಳಿದ ಷರತ್ತುಗಳು ಪೂರ್ಣಾವಧಿಯವರಿಗೆ ಇದ್ದಂತೆಯೇ. ಆದರೆ ದೂರಶಿಕ್ಷಣದ ಅಥವಾ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲ. ಮನೆಯಲ್ಲೇ ಕೂತು ಡಾಕ್ಟರೇಟ್ ಪಡೆಯಿರಿ ಎಂಬ ಜಾಹೀರಾತು ಕಂಡರೆ ಪುಟ ತಿರುವಿಬಿಡುವುದು ಒಳ್ಳೆಯದು.

2024ರ ಜೂನ್ ಆವೃತ್ತಿಯಿಂದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯೂ (ನೆಟ್) ಪಿಎಚ್.ಡಿ. ಪ್ರವೇಶದ ಬಾಗಿಲಾಗಿದೆ. ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತದೆ. ಮೊದಲ ವರ್ಗದವರಿಗೆ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಷಿಪ್ ಸಿಗುತ್ತದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್.ಡಿ.ಗೂ ಅರ್ಹರಾದವರು ಎರಡನೆಯ ವರ್ಗ, ಪಿಎಚ್.ಡಿ.ಗೆ ಮಾತ್ರ ಅರ್ಹರಾದವರು ಮೂರನೆಯ ವರ್ಗ. ಕೊನೆಯ ಎರಡು ವರ್ಗಗಳವರ ಆಯ್ಕೆಯಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಪ್ರವೇಶಕ್ಕಾಗಿ ಆ ಅಂಕ ಒಂದು ವರ್ಷ ಮಾತ್ರ ಊರ್ಜಿತ. ನಾಲ್ಕು ವರ್ಷದ ಪದವಿ ಇದ್ದವರು, ಅದು ಯಾವುದೇ ವಿಷಯದ್ದಾಗಿರಲಿ, ತಾವು ಪಿಎಚ್.ಡಿ. ಮಾಡಬಯಸುವ ವಿಷಯದಲ್ಲೇ ನೆಟ್ ಬರೆಯಬಹುದು ಎಂದು ಯುಜಿಸಿ ಅದೇ ವರ್ಷ ತಿಳಿಸಿತು. ಅಂದರೆ ಶೇ 75 ಅಂಕದ ನಾಲ್ಕು ವರ್ಷದ ಪದವೀಧರರಿಗೆ ಎಂ.ಎ. ಇಲ್ಲದೆಯೂ ಇತಿಹಾಸದ ಪಿಎಚ್.ಡಿ. ಕದ ತಟ್ಟಲು ದಾರಿ ಇದೆ. ವಿಪರ್ಯಾಸವೆಂದರೆ ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದ್ದರಿಂದ, ಇಲ್ಲಿ ಬಿ.ಎ. ಇತಿಹಾಸ ಓದಿದವರಿಗೆ ಈ ದಾರಿ ಸುಲಭವಲ್ಲ. ನಾಲ್ಕು ವರ್ಷ ಓದುವ ಎಂಜಿನಿಯರಿಗೆ ಸಹಜವಾಗಿಯೇ ಇದೆ. ಪ್ರತಿ ವಿಶ್ವವಿದ್ಯಾಲಯವೂ ತನ್ನದೇ ಷರತ್ತು ಸೇರಿಸಬಹುದು ಎಂಬುದನ್ನು ಮರೆಯಬಾರದು. ಅಧಿಸೂಚನೆಯನ್ನು ಅಕ್ಷರ ಬಿಡದೆ ಓದಬೇಕು. ಕೆಲವು ಐಐಟಿಗಳ ಮಾನವಿಕ ವಿಭಾಗಗಳು ಒಳ್ಳೆಯ ಅಂಕ ಪಡೆದ ಎಂಜಿನಿಯರಿಂಗ್ ಪದವೀಧರರನ್ನೂ ಪರಿಗಣಿಸುತ್ತವೆ.

ಕಾಗದದ ಮೇಲಿನ ಅರ್ಹತೆಗಿಂತ ದೊಡ್ಡ ತೊಡಕು ಇನ್ನೊಂದಿದೆ: ಗೈಡ್ ಸಿಗಬೇಕು. ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬೋಧಕ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುತ್ತವೆ. ಹುದ್ದೆ ಖಾಲಿ ಎಂದರೆ ಗೈಡ್ ಇಲ್ಲ, ಗೈಡ್ ಇಲ್ಲವೆಂದರೆ ಸೀಟಿಲ್ಲ. ನೆಟ್ ಪಾಸಾದ ಮೇಲೆ ಗೈಡ್ ಹುಡುಕುವ ಬದಲು, ಯಾರು ಯಾವ ವಿಷಯದಲ್ಲಿ ಕೆಲಸ ಮಾಡುತ್ತಿದ್ದಾರೆ, ಯಾರ ಬಳಿ ಜಾಗ ತೆರವಾಗಲಿದೆ ಎಂದು ಮೊದಲೇ ತಿಳಿದುಕೊಂಡವರು ಒಂದೆರಡು ವರ್ಷ ಉಳಿಸಿಕೊಳ್ಳುತ್ತಾರೆ.

ಎಂ.ಎ. ಮಾಡಬೇಕೆ?

ನಿಯಮ ಬಿಟ್ಟರೂ ಎಂ.ಎ. ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಎರಡು ಕಾರಣ.

ಮೊದಲನೆಯದು ಉದ್ಯೋಗ. ಯುಜಿಸಿಯ 2018ರ ನಿಯಮಗಳ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂಬಂಧಪಟ್ಟ ಅಥವಾ ಅದಕ್ಕೆ ಹೊಂದುವ ವಿಷಯದಲ್ಲಿ ಶೇ 55 ಅಂಕದ ಸ್ನಾತಕೋತ್ತರ ಪದವಿ ಬೇಕು. ಬಿ.ಇ. ಮುಗಿಸಿ ನೇರವಾಗಿ ಇತಿಹಾಸದ ಡಾಕ್ಟರೇಟ್ ಪಡೆದವರು, ಆರು ವರ್ಷದ ನಂತರ ನೇಮಕಾತಿಯ ಕಡತ ಪರಿಶೀಲನೆಯ ಮೇಜಿನ ಮುಂದೆ ‘ಎಂ.ಎ. ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ. ಸಂಶೋಧನೆಯ ಬಾಗಿಲು ಅಗಲವಾಗಿದೆ, ಅಧ್ಯಾಪನದ ಬಾಗಿಲು ಹಾಗೆಯೇ ಇದೆ.

ಎರಡನೆಯದು ಓದು. ಇತಿಹಾಸದ ಪುಸ್ತಕಗಳನ್ನು ಇಷ್ಟಪಟ್ಟು ಓದುವುದು ಬೇರೆ, ಇತಿಹಾಸಕಾರರು ಪರಸ್ಪರ ಯಾಕೆ ಜಗಳವಾಡುತ್ತಿದ್ದಾರೆ ಎಂದು ತಿಳಿದು ಓದುವುದು ಬೇರೆ. ವಿಜಯನಗರವನ್ನು ಕೇಂದ್ರದಿಂದ ಆಳಿದ ಬಲಿಷ್ಠ ಸಾಮ್ರಾಜ್ಯ ಎಂದು ಹಿಂದಿನವರು ಬರೆದದ್ದನ್ನು ಬರ್ಟನ್ ಸ್ಟೈನ್ ಯಾಕೆ ಒಪ್ಪಲಿಲ್ಲ? ಸ್ಟೈನ್ ಹೇಳಿದ್ದನ್ನು ಅವರ ನಂತರದವರು ಎಲ್ಲಿ ಪ್ರಶ್ನಿಸಿದರು? ಈ ವಾಗ್ವಾದದ ಎಳೆ ಸಿಗದವರ ಸಂಶೋಧನಾ ಪ್ರಸ್ತಾವ, ಎಷ್ಟೇ ಶ್ರಮಪಟ್ಟು ಬರೆದಿರಲಿ, ಹಳೆಯ ಗೆಜೆಟಿಯರ್‌ನ ವಿಸ್ತರಣೆಯಂತೆ ಕಾಣುತ್ತದೆ.

ಕೆಲಸ ಬಿಡಲಾಗದವರಿಗೆ ದೂರಶಿಕ್ಷಣದ ಎಂ.ಎ. ಇದೆ. ಇಗ್ನೊ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಇತಿಹಾಸಕ್ಕೆ ಯಾವುದೇ ವಿಷಯದ ಪದವೀಧರರು ಸೇರಬಹುದು. ಮಾನ್ಯತೆ ಪಡೆದ ಮುಕ್ತ ವಿಶ್ವವಿದ್ಯಾಲಯಗಳ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ದೂರಶಿಕ್ಷಣದಲ್ಲಿ ಸಿಗದಿರುವುದು ಸಹಪಾಠಿಗಳ ಜೊತೆಗಿನ ಚರ್ಚೆ ಮತ್ತು ನಮ್ಮ ಬರಹವನ್ನು ಕೆಂಪು ಶಾಯಿಯಲ್ಲಿ ತಿದ್ದುವ ಮೇಷ್ಟ್ರು. ಆ ಕೊರತೆಯನ್ನು ಬೇರೆ ಕಡೆ ತುಂಬಿಕೊಳ್ಳಬೇಕು. ಬೆಂಗಳೂರಿನಲ್ಲಿ 1909ರಿಂದ ಇರುವ ಮಿಥಿಕ್ ಸೊಸೈಟಿ, ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನಗಳು ಹವ್ಯಾಸಿಗಳಿಗೂ ವಿದ್ವಾಂಸರಿಗೂ ಒಂದೇ ವೇದಿಕೆ ಕೊಟ್ಟಿವೆ. ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಿಥಿಕ್ ಸೊಸೈಟಿಯಲ್ಲಿ ನಡೆದಿದ್ದು, ಅದರಲ್ಲಿ ಎಂಜಿನಿಯರಿಂಗ್ ಹಿನ್ನೆಲೆಯವರ ಪಾತ್ರ ದೊಡ್ಡದು. ಅಂಥ ಕಡೆ ಒಂದು ವರ್ಷ ಓಡಾಡಿದವರಿಗೆ ಪ್ರಬಂಧ ಓದುವ ಅಭ್ಯಾಸ ಆಗುತ್ತದೆ, ತಪ್ಪು ಹಿಡಿಯುವ ಹಿರಿಯರು ಸಿಗುತ್ತಾರೆ. ಮುಂದೆ ಶಿಫಾರಸು ಪತ್ರ ಬೇಕಾದಾಗ ಅದನ್ನು ಬರೆಯಬಲ್ಲವರು ಇವರೇ.

ಆಸಕ್ತಿಯಿಂದ ಪ್ರಶ್ನೆಯವರೆಗೆ

ಆಯ್ಕೆ ಸಮಿತಿಯ ಮುಂದೆ ಬರುವ ಅರ್ಜಿಗಳಲ್ಲಿ ಹೊರಗಿನವರ ಅರ್ಜಿಯನ್ನು ಮೊದಲ ಸಾಲಿನಲ್ಲೇ ಗುರುತಿಸಬಹುದು. ‘ಬಾಲ್ಯದಿಂದಲೂ ನನಗೆ ಇತಿಹಾಸ ಎಂದರೆ ಪ್ರಾಣ’ ಎಂದು ಅದು ಶುರುವಾಗುತ್ತದೆ; ಹಂಪಿ ಪ್ರವಾಸ, ತಾತ ಹೇಳಿದ ಕಥೆ, ನಾಡಿನ ಹಿರಿಮೆಯನ್ನು ಜಗತ್ತಿಗೆ ಸಾರುವ ಸಂಕಲ್ಪ ಒಂದರ ಹಿಂದೊಂದು ಬರುತ್ತವೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅರ್ಜಿ ಓದುವವರಿಗೆ ಬೇಕಾದ ಒಂದೇ ಒಂದು ಸಂಗತಿಯೂ ಇದರಲ್ಲಿ ಇಲ್ಲ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಸಣ್ಣ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿದ ಸಿವಿಲ್ ಎಂಜಿನಿಯರ್ ಒಬ್ಬರು ಕೆರೆಗಳ ಮೇಲೆ ಪಿಎಚ್.ಡಿ. ಮಾಡಬೇಕು ಎನ್ನುತ್ತಾರೆ. ಮೊದಲ ಕರಡಿನ ಶೀರ್ಷಿಕೆ ‘ಕರ್ನಾಟಕದ ಕೆರೆಗಳು: ಪ್ರಾಚೀನ ಕಾಲದಿಂದ ಇಂದಿನವರೆಗೆ’. ಸಾವಿರ ವರ್ಷ, ಇಡೀ ರಾಜ್ಯ. ಇದನ್ನು ಯಾರೂ ಐದು ವರ್ಷದಲ್ಲಿ ಬರೆಯಲಾರರು, ಬರೆದರೂ ಹೊಸದೇನೂ ಹೊರಡುವುದಿಲ್ಲ.

ಎರಡನೆಯ ಕರಡಿನಲ್ಲಿ ಕಾಲ ಮತ್ತು ಜಾಗ ಕಿರಿದಾಗುತ್ತವೆ. ಮೈಸೂರು ಸಂಸ್ಥಾನ 1911ರಲ್ಲಿ ಕೆರೆಗಳ ನಿರ್ವಹಣೆಗೆಂದು ಪಂಚಾಯತಿ ಕಾಯಿದೆಯೊಂದನ್ನು ತಂದಿತ್ತು. ‘ಆ ಕಾಯಿದೆಯ ನಂತರ ಕೋಲಾರ ಜಿಲ್ಲೆಯಲ್ಲಿ ಕೆರೆ ನಿರ್ವಹಣೆ’ ಎಂದರೆ ಕೆಲಸ ಹಿಡಿತಕ್ಕೆ ಬಂತು. ಆದರೂ ಇದು ವಿಷಯವೇ ಹೊರತು ಪ್ರಶ್ನೆ ಆಗಿಲ್ಲ.

ಮೂರನೆಯ ಕರಡಿನಲ್ಲಿ ಪ್ರಶ್ನೆ ಮೂಡುತ್ತದೆ: ಏರಿ ಒಡೆದಾಗ, ತೂಬು ಕಟ್ಟಿದಾಗ, ಹೂಳು ತುಂಬಿದಾಗ ದುರಸ್ತಿಯ ಹೊರೆ ಯಾರ ಹೆಗಲಿಗೆ ಬಿತ್ತು? ಸರ್ಕಾರಕ್ಕೋ, ಅಚ್ಚುಕಟ್ಟಿನ ಜಮೀನ್ದಾರರಿಗೋ, ಬಿಟ್ಟಿ ದುಡಿಯಬೇಕಾದ ಕೆಳಜಾತಿಯವರಿಗೋ? ಗದ್ದೆಗೆ ನೀರು ಹಂಚುವ ನೀರಗಂಟಿಯ ಇನಾಂ ಜಮೀನು ಏನಾಯಿತು? ಈಗ ಆಕರಗಳೂ ತಾವಾಗಿ ಸಾಲುಗಟ್ಟುತ್ತವೆ. ರಾಜ್ಯ ಪತ್ರಾಗಾರದಲ್ಲಿರುವ ಸಂಸ್ಥಾನದ ಕಡತಗಳು, 1881ರಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು, ಗ್ರಾಮ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯಿದೆಗೆ ಸಂಬಂಧಿಸಿದ ಕಾಗದಪತ್ರಗಳು. ಈ ಮೊದಲು ಯಾರು ಬರೆದಿದ್ದಾರೆ ಎಂಬುದಕ್ಕೂ ಉತ್ತರವಿದೆ: ತಮಿಳುನಾಡಿನ ಕೆರೆಗಳ ಬಗ್ಗೆ ಮಾನವಶಾಸ್ತ್ರಜ್ಞ ಡೇವಿಡ್ ಮಾಸ್, ವಿಜಯನಗರದ ಸುತ್ತಲಿನ ಕೆರೆಗಳ ಬಗ್ಗೆ ಪುರಾತತ್ವಜ್ಞೆ ಕ್ಯಾಥ್ಲೀನ್ ಮಾರಿಸನ್, ಕರ್ನಾಟಕದ ಕೆರೆ ನೀರಾವರಿ ತಂತ್ರಜ್ಞಾನದ ಬಗ್ಗೆ ಎಶಾ ಶಾ. ಕೊನೆಯವರು ಸ್ವತಃ ಎಂಜಿನಿಯರಿಂಗ್ ಓದಿ ಬಂದವರು ಎಂಬುದು ನಮ್ಮ ಅರ್ಜಿದಾರರಿಗೆ ಗೊತ್ತಿರಬೇಕಾದ ಸಂಗತಿ.

ಇಷ್ಟಾದ ಮೇಲೆ ಎಂಜಿನಿಯರಿಂಗ್ ಪದವಿ ಅರ್ಜಿಯಲ್ಲಿ ಕ್ಷಮೆ ಕೇಳಬೇಕಾದ ಸಾಲಾಗಿ ಉಳಿಯುವುದಿಲ್ಲ. ಹಳೆಯ ಅಂದಾಜು ಪಟ್ಟಿ ನೋಡಿ ದುರಸ್ತಿಗೆ ಕೇಳಿದ ಹಣ ಹೆಚ್ಚೋ ಕಡಿಮೆಯೋ ಎಂದು ಹೇಳಬಲ್ಲವರು, ಏರಿಯ ಅಡ್ಡಕೊಯ್ತದ ನಕ್ಷೆ ಓದಬಲ್ಲವರು ಇತಿಹಾಸ ವಿಭಾಗದಲ್ಲಿ ಎಷ್ಟು ಮಂದಿ ಇದ್ದಾರೆ? ವಕೀಲರಿಗೆ ಇನಾಂ ವ್ಯಾಜ್ಯದ ತೀರ್ಪು, ನರ್ಸಿಗೆ ಮಿಷನ್ ಆಸ್ಪತ್ರೆಯ ದಾಖಲೆ, ಬ್ಯಾಂಕ್ ನೌಕರರಿಗೆ ಸಹಕಾರ ಸಂಘದ ಲೆಕ್ಕಪುಸ್ತಕ ಹೀಗೆಯೇ ಒದಗಿಬರುತ್ತವೆ. ಹಳೆಯ ವೃತ್ತಿಯನ್ನು ಮುಚ್ಚಿಟ್ಟು ಇತಿಹಾಸದ ವಿದ್ಯಾರ್ಥಿಯಂತೆ ತೋರಿಸಿಕೊಳ್ಳಲು ಹೋಗುವವರು ತಮ್ಮ ಕೈಯಲ್ಲಿರುವ ಒಳ್ಳೆಯ ಎಲೆಯನ್ನೇ ಕೆಳಗಿಡುತ್ತಾರೆ.

ಹೊರದೇಶದ ದಾರಿ

ಅಮೆರಿಕದ ವಿಶ್ವವಿದ್ಯಾಲಯಗಳ ಲೆಕ್ಕಾಚಾರ ಬೇರೆ. ಅಲ್ಲಿನ ಬಹುಪಾಲು ಇತಿಹಾಸ ಪಿಎಚ್.ಡಿ.ಗೆ ಎಂ.ಎ. ಕಡ್ಡಾಯವಲ್ಲ, ಪದವಿ ಇತಿಹಾಸದ್ದೇ ಆಗಿರಬೇಕು ಎಂದೂ ಇಲ್ಲ. ಆದರೆ ನಾಲ್ಕು ವರ್ಷದ ಪದವಿಯನ್ನು ಬಯಸುವ ವಿಶ್ವವಿದ್ಯಾಲಯಗಳು ಹಲವಿವೆ. ನಮ್ಮ ಮೂರು ವರ್ಷದ ಬಿ.ಎ.ಗಿಂತ ಬಿ.ಇ. ಅಲ್ಲಿ ಸಲೀಸಾಗಿ ನಡೆಯುತ್ತದೆ. ಆರಂಭದ ಎರಡು ವರ್ಷ ತರಗತಿಗಳು, ಆಮೇಲೆ ಅರ್ಹತಾ ಪರೀಕ್ಷೆ, ನಂತರ ಮಹಾಪ್ರಬಂಧ. ಒಳ್ಳೆಯ ವಿಭಾಗಗಳು ಐದಾರು ವರ್ಷ ಶುಲ್ಕ ಮನ್ನಾ ಮಾಡಿ ಜೀವನವೆಚ್ಚಕ್ಕೂ ಕೊಡುತ್ತವೆ. ಅನುದಾನ ಇಲ್ಲದ ಪ್ರವೇಶಪತ್ರ ಬಂದರೆ ಒಪ್ಪಿಕೊಳ್ಳಬಾರದು ಎಂಬುದು ಅಲ್ಲಿನ ಪ್ರಾಧ್ಯಾಪಕರೇ ಕೊಡುವ ಬುದ್ಧಿಮಾತು.

ಜಿಆರ್‌ಇ ಪ್ರವೇಶ ಪರೀಕ್ಷೆಯ ಅಂಕವನ್ನು ಅನೇಕ ಇತಿಹಾಸ ವಿಭಾಗಗಳು ಕೈಬಿಟ್ಟಿವೆ. ಹಾಗಾಗಿ ಉದ್ದೇಶಪತ್ರ, ಮೂರು ಶಿಫಾರಸು ಪತ್ರ ಮತ್ತು ಇಪ್ಪತ್ತು ಇಪ್ಪತ್ತೈದು ಪುಟಗಳ ಮಾದರಿ ಬರಹದ ಮೇಲೆ ಎಲ್ಲವೂ ನಿಂತಿದೆ. ಇವುಗಳಲ್ಲಿ ಹೊರಗಿನವರ ಭವಿಷ್ಯ ನಿರ್ಧಾರವಾಗುವುದು ಮಾದರಿ ಬರಹದಲ್ಲಿ. ಮೂಲ ಆಕರವೊಂದನ್ನು ಎದುರಿಗಿಟ್ಟುಕೊಂಡು, ಬೇರೆಯವರು ಹೇಳಿದ್ದನ್ನು ತೂಗಿ, ತನ್ನದೇ ವಾದವೊಂದನ್ನು ಕೊನೆಯವರೆಗೆ ಕೊಂಡೊಯ್ದ ಬರಹ ಅದಾಗಿರಬೇಕು. ಪತ್ರಿಕೆಯಲ್ಲಿ ಬಂದ ಜನಪ್ರಿಯ ಲೇಖನ, ಎಂಬಿಎ ಪ್ರಾಜೆಕ್ಟ್ ವರದಿ, ಸಮ್ಮೇಳನದಲ್ಲಿ ಓದಿದ ಎಂಟು ಪುಟದ ಪ್ರಬಂಧ ಯಾವುವೂ ಆ ಜಾಗ ತುಂಬಲಾರವು. ಶಿಫಾರಸು ಪತ್ರಗಳ ವಿಷಯವೂ ಅಷ್ಟೆ. ಕಂಪನಿಯ ಮ್ಯಾನೇಜರು ‘ಶ್ರಮಜೀವಿ, ಸಮಯಪಾಲನೆ ಮಾಡುವವರು’ ಎಂದು ಬರೆದ ಪತ್ರಕ್ಕೆ ಇತಿಹಾಸ ವಿಭಾಗದಲ್ಲಿ ಬೆಲೆಯಿಲ್ಲ. ನಿಮ್ಮ ಬರಹ ಓದಿದ ಇಬ್ಬರಾದರೂ ವಿದ್ವಾಂಸರು ಬೇಕು.

ಅರ್ಜಿಯ ಗಡುವು ಸಾಮಾನ್ಯವಾಗಿ ಡಿಸೆಂಬರ್. ಫಲಿತಾಂಶ ಫೆಬ್ರವರಿ, ಮಾರ್ಚ್. ಒಪ್ಪಿಗೆ ಕೊಡಲು ಏಪ್ರಿಲ್ 15ರವರೆಗೆ ಸಮಯ. ಒಂದೊಂದು ವಿಭಾಗಕ್ಕೂ ನೂರಾರು ಅರ್ಜಿ ಬಂದು, ಬೆರಳೆಣಿಕೆಯಷ್ಟು ಮಂದಿ ಒಳಗೆ ಹೋಗುತ್ತಾರೆ. ದಕ್ಷಿಣ ಏಷ್ಯಾಕ್ಕೆ ಸಿಗುವುದು ಅದರಲ್ಲಿ ಒಂದೋ ಎರಡೋ ಜಾಗ. 2025ರಲ್ಲಿ ಹಾರ್ವರ್ಡ್, ಶಿಕಾಗೊದಂಥ ವಿಶ್ವವಿದ್ಯಾಲಯಗಳೂ ಪಿಎಚ್.ಡಿ. ಪ್ರವೇಶಕ್ಕೆ ಕತ್ತರಿ ಹಾಕಿದ್ದರಿಂದ ಪೈಪೋಟಿ ಇನ್ನಷ್ಟು ಬಿಗಿಯಾಗಿದೆ.

ಕರ್ನಾಟಕವನ್ನು ಅಧ್ಯಯನ ಮಾಡುವವರು ಇತಿಹಾಸ ವಿಭಾಗಕ್ಕೇ ಜೋತುಬೀಳಬೇಕಿಲ್ಲ. ಕನ್ನಡ ನಾಡಿನ ಗತಕಾಲದ ಬಗ್ಗೆ ಹೊರದೇಶಗಳಲ್ಲಿ ಆಗಿರುವ ಒಳ್ಳೆಯ ಕೆಲಸ ಎಷ್ಟೋ ಬಾರಿ ಅಕ್ಕಪಕ್ಕದ ವಿಭಾಗಗಳಲ್ಲಿ ಆಗಿದೆ. ಹರಿಹರನ ರಗಳೆಗಳ ಮೇಲೆ ಕೆಲಸ ಮಾಡಿದ ಗಿಲ್ ಬೆನ್-ಹೆರುಟ್, ಮೈಸೂರು ಅರಸರ ಭಕ್ತಿ ಮತ್ತು ರಾಜತ್ವದ ಬಗ್ಗೆ ಬರೆದ ಕೇಲೆಬ್ ಸಿಮನ್ಸ್ ಧರ್ಮಾಧ್ಯಯನದವರು. ವಿಜಯನಗರದ ಬಗ್ಗೆ ಬರೆದ ಫಿಲಿಪ್ ವ್ಯಾಗನರ್ ಕಲಾ ಇತಿಹಾಸದವರು. ಮೈಸೂರು ಸಂಸ್ಥಾನದ ಬಗ್ಗೆ ಬರೆದ ಅಯಾ ಇಕೆಗಾಮೆ ಮಾನವಶಾಸ್ತ್ರದವರು. ವಿಭಾಗದ ಹೆಸರಿಗಿಂತ ಯಾರ ಜೊತೆ ಕೆಲಸ ಮಾಡುತ್ತೇವೆ ಎಂಬುದು ಮುಖ್ಯ.

ಬ್ರಿಟನ್ನಿನಲ್ಲಿ ತರಗತಿಗಳ ಹಂತವೇ ಇಲ್ಲ. ಮೊದಲ ದಿನದಿಂದಲೇ ಸಂಶೋಧನೆ, ಮೂರು ನಾಲ್ಕು ವರ್ಷದಲ್ಲಿ ಮುಗಿಯಬೇಕು. ಹಾಗಾಗಿ ಅಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಕ್ವವಾದ ಸಂಶೋಧನಾ ಪ್ರಸ್ತಾವವನ್ನೂ ಕೇಳುತ್ತಾರೆ. ಇತಿಹಾಸಕ್ಕೆ ಹೊಸದಾಗಿ ಕಾಲಿಟ್ಟವರಿಗೆ ಅದು ಕಷ್ಟದ ದಾರಿ, ವಿದೇಶಿಯರ ಶುಲ್ಕವೂ ದುಬಾರಿ. ಕಾಮನ್‌ವೆಲ್ತ್, ಫೆಲಿಕ್ಸ್‌ನಂಥ ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಯೋಚಿಸಬಹುದು. ಜರ್ಮನಿಯ ಹೈಡೆಲ್‌ಬರ್ಗ್, ಗಟ್ಟಿಂಗೆನ್, ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ದಕ್ಷಿಣ ಏಷ್ಯಾ ಅಧ್ಯಯನಕ್ಕೆ ಗಟ್ಟಿ ನೆಲೆಯಿದೆ.

ಭಾಷೆ ಮತ್ತು ಲಿಪಿ

ಇಂಗ್ಲಿಷಿನಲ್ಲಿ ಓದಿ ಬೆಳೆದ ಬೆಂಗಳೂರಿನ ಅರ್ಜಿದಾರರು ಹೆಚ್ಚಾಗಿ ಎಡವುವುದು ಇಲ್ಲಿ. ಹೊಯ್ಸಳರ ಮೇಲೆ ಸಂಶೋಧನೆ ಮಾಡಬೇಕು ಎನ್ನುವವರಿಗೆ ಹಳಗನ್ನಡ ಬರುವುದಿಲ್ಲ, ಟಿಪ್ಪುವಿನ ಆಡಳಿತದ ಬಗ್ಗೆ ಬರೆಯಬೇಕು ಎನ್ನುವವರಿಗೆ ಪರ್ಷಿಯನ್ ಬರುವುದಿಲ್ಲ. ಉತ್ತರ ಕರ್ನಾಟಕದ ಪೇಶ್ವೆ ಕಾಲದ ಕಾಗದಗಳಿಗೆ ಮೋಡಿ ಲಿಪಿ ಬೇಕು, ಮಂಗಳೂರಿನ ಬಾಸೆಲ್ ಮಿಷನ್ ದಾಖಲೆಗಳಿಗೆ ಜರ್ಮನ್ ಬೇಕು. ಅನುವಾದದಲ್ಲಿ ಓದಿ ಪಿಎಚ್.ಡಿ. ಮಾಡುತ್ತೇನೆ ಎಂದರೆ ಯಾವ ಒಳ್ಳೆಯ ವಿಭಾಗವೂ ಒಪ್ಪುವುದಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಪಂಡಿತರಾಗಿರಬೇಕಿಲ್ಲ. ಕಲಿಕೆ ಶುರುವಾಗಿರಬೇಕು, ಅದಕ್ಕೆ ಪುರಾವೆ ಇರಬೇಕು.

ಇದೇ ಮಾತನ್ನು ಇನ್ನೊಂದು ಮಗ್ಗುಲಿನಿಂದ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ, ಹಳ್ಳಿ ಶಾಲೆಯ ಬಳಿ ನೆಟ್ಟ ವೀರಗಲ್ಲುಗಳ ನಡುವೆ ಆಡಿ ಬೆಳೆದವರು, ತಮ್ಮ ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ತಮ್ಮನ್ನು ಅನರ್ಹರೆಂದು ಭಾವಿಸಿ ದೂರ ನಿಲ್ಲುತ್ತಾರೆ. ಕಡತ, ಬಖೈರು, ಮೌಖಿಕ ಕಥನಗಳನ್ನು ತಾಯ್ನುಡಿಯಲ್ಲೇ ಓದಿ ಕೇಳಬಲ್ಲ ಇವರ ಬಂಡವಾಳ ಸಣ್ಣದಲ್ಲ. 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮಹಾಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು. ಇವರು ಇಂಗ್ಲಿಷ್ ಓದನ್ನು ಗಟ್ಟಿ ಮಾಡಿಕೊಳ್ಳಬೇಕು ನಿಜ, ಯಾಕೆಂದರೆ ಚರ್ಚೆಯ ಬಹುಭಾಗ ಆ ಭಾಷೆಯಲ್ಲಿದೆ. ಆದರೆ ಹಳಗನ್ನಡ ಬಾರದ ಇಂಗ್ಲಿಷ್ ಬಲ್ಲವರಿಗೂ ಇಂಗ್ಲಿಷ್ ತಡವರಿಸುವ ಹಳಗನ್ನಡ ಬಲ್ಲವರಿಗೂ ಇರುವ ಕೊರತೆ ಸಮನಾದುದೇ. ಮೊದಲನೆಯದನ್ನು ಕೊರತೆ ಎಂದು ನಮ್ಮ ವಿಶ್ವವಿದ್ಯಾಲಯಗಳು ಇನ್ನೂ ಎಣಿಸದಿರುವುದು ಅನ್ಯಾಯ.

ಹಣ, ವಯಸ್ಸು, ಕೆಲಸ

ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಅದು ಎಸ್‌ಆರ್‌ಎಫ್ ಆಗಿ 42,000 ರೂಪಾಯಿಗೆ ಏರುತ್ತದೆ. ಆದರೆ ಜೆಆರ್‌ಎಫ್‌ಗೆ ವಯೋಮಿತಿ 30 ವರ್ಷ. ಮಹಿಳೆಯರಿಗೆ ಮತ್ತು ಕೆಲವು ಮೀಸಲು ವರ್ಗಗಳಿಗೆ ಐದು ವರ್ಷ ಸಡಿಲಿಕೆ. ವೃತ್ತಿ ಬದಲಿಸಿ ನಡುವಯಸ್ಸಿನಲ್ಲಿ ಬರುವವರಿಗೆ ಈ ಬಾಗಿಲು ಮುಚ್ಚಿರುತ್ತದೆ. ಪಿಎಚ್.ಡಿ.ಗೆ ಅರ್ಹತೆ ಪಡೆಯಲು ವಯಸ್ಸಿನ ಮಿತಿ ಇಲ್ಲ, ಆದರೆ ದುಡ್ಡಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಜೆಆರ್‌ಎಫ್ ಇಲ್ಲದವರಿಗೆ ಸಿಗುವುದು ತಿಂಗಳಿಗೆ 8,000 ರೂಪಾಯಿ, ಬಾಡಿಗೆಗೂ ಸಾಲದು. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಫೆಲೋಷಿಪ್ ಇದೆ, ಅದಕ್ಕೂ ಪೈಪೋಟಿ ಇದೆ. ಹಾಗಾಗಿ ಸಂಸಾರಸ್ಥರಿಗೆ ಅರೆಕಾಲಿಕ ನೋಂದಣಿಯೇ ಹೆಚ್ಚು ವಿವೇಕದ ದಾರಿ.

ಕೆಲಸದ ವಿಷಯದಲ್ಲಿ ಯಾವ ದೇಶದಲ್ಲೂ ಸಿಹಿ ಸುದ್ದಿ ಇಲ್ಲ. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ನಂತರ ಇತಿಹಾಸ ಅಧ್ಯಾಪಕ ಹುದ್ದೆಗಳು ಕುಗ್ಗಿದವು. ಡಾಕ್ಟರೇಟ್ ಪಡೆದವರು ವಿಶ್ವವಿದ್ಯಾಲಯದ ಆಚೆ ಮಾಡುವ ಕೆಲಸವನ್ನು ಎರಡನೇ ದರ್ಜೆಯದು ಎಂದು ಕಾಣಬಾರದು ಎಂದು ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್‌ನ ಮುಖ್ಯಸ್ಥರಾಗಿದ್ದ ಆಂಥನಿ ಗ್ರಾಫ್ಟನ್ ಮತ್ತು ಜಿಮ್ ಗ್ರಾಸ್‌ಮನ್ 2011ರಲ್ಲೇ ಬಹಿರಂಗವಾಗಿ ಬರೆದರು. ನಮ್ಮಲ್ಲಿ ಹುದ್ದೆಗಳಿವೆ, ಭರ್ತಿಯಾಗುವುದಿಲ್ಲ. ಅತಿಥಿ ಉಪನ್ಯಾಸಕರ ದುಡಿಮೆಯಲ್ಲಿ ಕಾಲೇಜುಗಳು ನಡೆಯುತ್ತಿವೆ. ಈ ವಿಷಯದಲ್ಲಿ ಇತಿಹಾಸ ಓದಿ ಬಂದವರಿಗಿಂತ ಹೊರಗಿನವರೇ ಒಂದು ಲೆಕ್ಕದಲ್ಲಿ ಸುರಕ್ಷಿತರು. ಹಿಂತಿರುಗಿ ಹೋಗಲು ಅವರಿಗೆ ಒಂದು ವೃತ್ತಿ ಇದೆ. ಅದನ್ನು ಬಿಟ್ಟುಕೊಡುವ ಮುನ್ನ ನಾಲ್ಕು ಸಲ ಯೋಚಿಸಬೇಕು.

ಕೊನೆಗೆ ಉಳಿಯುವ ಮಾತು

ಹೊರಗಿನವರನ್ನು ಬಿಟ್ಟುಕೊಂಡರೆ ಶಿಸ್ತು ಸಡಿಲವಾಗುತ್ತದೆ ಎಂಬ ಆತಂಕ ಇತಿಹಾಸ ವಿಭಾಗಗಳಲ್ಲಿ ಇದೆ. ಅದು ಪೂರ್ತಿ ಆಧಾರವಿಲ್ಲದ್ದಲ್ಲ. ತನ್ನ ಜಾತಿಯ, ತನ್ನ ಊರಿನ, ತನ್ನ ನಂಬಿಕೆಯ ಹಿರಿಮೆ ಸಾಬೀತು ಮಾಡಲೆಂದೇ ಡಾಕ್ಟರೇಟ್ ಬಯಸಿ ಬರುವವರು ಕಡಿಮೆ ಇಲ್ಲ. ಉತ್ತರ ಮೊದಲೇ ಗೊತ್ತಿರುವವರಿಗೆ ಸಂಶೋಧನೆ ಬೇಕಿಲ್ಲ. ಅಂಥವರನ್ನು ಸಂದರ್ಶನದಲ್ಲೇ ವಿನಯದಿಂದ ವಾಪಸು ಕಳಿಸುವುದು ವಿಭಾಗದ ಕರ್ತವ್ಯ. ಆದರೆ ಅಂಥವರು ಎಂ.ಎ. ಇತಿಹಾಸ ಓದಿದವರಲ್ಲೂ ಇದ್ದಾರೆ. ಪದವಿಯ ವಿಷಯ ನೋಡಿ ಅವರನ್ನು ಸೋಸಲು ಬರುವುದಿಲ್ಲ, ಬರಹ ನೋಡಿದರೆ ಬರುತ್ತದೆ. ನಮ್ಮ ವಿಶ್ವವಿದ್ಯಾಲಯಗಳು ಬಹು ಆಯ್ಕೆ ಪ್ರಶ್ನೆಗಳ ಅಂಕಕ್ಕೆ ಶೇ 70 ತೂಕ ಕೊಟ್ಟು, ಅಭ್ಯರ್ಥಿಯ ಒಂದು ದೀರ್ಘ ಬರಹವನ್ನೂ ಓದದೆ ಸೀಟು ಹಂಚುತ್ತಿರುವುದು ಈ ಇಡೀ ವ್ಯವಸ್ಥೆಯ ದೊಡ್ಡ ದೋಷ. ಸಂದರ್ಶನದ ಹದಿನೈದು ನಿಮಿಷದ ಜೊತೆಗೆ ಇಪ್ಪತ್ತು ಪುಟದ ಬರಹವನ್ನೂ ಕೇಳಿದರೆ ಒಳಗಿನವರು ಹೊರಗಿನವರು ಇಬ್ಬರಿಗೂ ನ್ಯಾಯ ಸಿಗುತ್ತದೆ.

ಅರ್ಜಿ ಹಾಕಬೇಕೆಂದಿರುವವರಿಗೆ ಹೇಳುವುದಿಷ್ಟೆ. ಕೆಲಸ ಬಿಡಬೇಡಿ. ಎಂ.ಎ.ಗೆ ಹೆಸರು ನೋಂದಾಯಿಸಿ. ನಿಮ್ಮ ಪ್ರಶ್ನೆಗೆ ಬೇಕಾದ ಭಾಷೆಯನ್ನೋ ಲಿಪಿಯನ್ನೋ ಕಲಿಯಲು ಶುರುಮಾಡಿ. ರಜೆ ಹಾಕಿ ಪತ್ರಾಗಾರಕ್ಕೆ ಹೋಗಿ ಒಂದು ಕಡತ ತರಿಸಿಕೊಂಡು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿ, ಅದರ ಮೇಲೆ ಇಪ್ಪತ್ತು ಪುಟ ಬರೆದು, ನಿಮ್ಮನ್ನು ಹೊಗಳದ ಒಬ್ಬ ವಿದ್ವಾಂಸರಿಗೆ ತೋರಿಸಿ. ಅವರು ತಿದ್ದಿದ್ದನ್ನು ನೋಡಿ ಮತ್ತೆ ಬರೆಯುವ ಹುರುಪು ಬಂದರೆ ಅರ್ಜಿ ಹಾಕಿ. ಬರದಿದ್ದರೆ ಇತಿಹಾಸದ ಒಳ್ಳೆಯ ಓದುಗರಾಗಿ ಉಳಿಯಿರಿ; ಅಂಥವರ ಕೊರತೆಯೂ ನಾಡಿನಲ್ಲಿ ಬೇಕಾದಷ್ಟಿದೆ.